ಫಿನ್ಲೆಂಡಿನಲ್ಲಿ ಸಿಕ್ಕ ಫಿಲಿಪೈನ್ಸ್ ಸಿನಿಮಾ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಏಷ್ಯಾದ ಹಳೆಯ ಸಿನಿಮಾಗಳ ಬಗ್ಗೆ ಬಂದ ಲೇಖನ ಓದಿದೆ. ಜಪಾನ್, ಚೀನಾ, ಮುಂಬೈ ಎಲ್ಲ ಇತ್ತು. ಫಿಲಿಪೈನ್ಸ್ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದಕ್ಕೇ ಈ ಪತ್ರ.

1937ರಲ್ಲಿ ಅಲ್ಲಿ ‘ಜಾಂಬೊವಾಂಗ’ ಎಂಬ ಸಾಹಸ ಚಿತ್ರ ಬಂತು. ನಿರ್ದೇಶಕ ಎದುವಾರ್ದೊ ದೆ ಕಾಸ್ತ್ರೊ. ಮುತ್ತಿಗಾಗಿ ಕಡಲಿಗೆ ಧುಮುಕುವ ಯುವಕ, ಅವನು ಮೆಚ್ಚಿದ ಹುಡುಗಿ, ಅವಳನ್ನು ಹೊತ್ತೊಯ್ಯುವ ಖಳ. ಕತೆ ಇಷ್ಟೇ. ಆದರೆ ಕ್ಯಾಮೆರಾವನ್ನು ದಕ್ಷಿಣದ ಸುಲು ಕಡಲಿಗೇ ಒಯ್ದಿದ್ದಾರೆ. ನೀರಿನೊಳಗಿನ ದೃಶ್ಯಗಳೂ ಇವೆ, ಆ ಕಾಲದಲ್ಲಿ! ಮೊಮ್ಮಗ ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟಾಗ ಎರಡು ಸಲ ನೋಡಿದೆ. ನಾಯಕ ಫರ್ನಾಂಡೊ ಪೋ ಸೀನಿಯರ್. ಇವರ ಮಗನೂ ದೊಡ್ಡ ನಟ, 2004ರಲ್ಲಿ ಅಧ್ಯಕ್ಷ ಚುನಾವಣೆಗೇ ನಿಂತವರು. ನಾಯಕಿ ರೋಸಾ ದೆಲ್ ರೊಸಾರಿಯೊ 1951ರಲ್ಲಿ ತೆರೆಯ ಮೇಲಿನ ಮೊದಲ ‘ದಾರ್ನಾ’ ಆದರು. ಅಲ್ಲಿನ ಮಕ್ಕಳಿಗೆಲ್ಲ ಗೊತ್ತಿರುವ, ಆಕಾಶದಲ್ಲಿ ಹಾರುವ ನಾಯಕಿ ಅವಳು.

ಚಿತ್ರ ಅಮೆರಿಕಕ್ಕೂ ಹೋಯಿತು. ಅಲ್ಲಿನವರ ಕಣ್ಣಿಗಾಗಿಯೇ ಮೊರೊ ಜನರನ್ನು, ಅಂದರೆ ದಕ್ಷಿಣ ಫಿಲಿಪೈನ್ಸಿನ ಮುಸ್ಲಿಮರನ್ನು, ವಿಚಿತ್ರವಾಗಿ ತೋರಿಸಿದ್ದಾರೆ ಅನ್ನಿಸುತ್ತದೆ. ಅದು ನನಗೆ ಹಿಡಿಸಲಿಲ್ಲ. ಆದರೆ ಊರು ಬಿಟ್ಟು ಹೋದದ್ದಕ್ಕೇ ಈ ಚಿತ್ರ ಉಳಿಯಿತು, ಅಲ್ವಾ? 1945ರ ಯುದ್ಧದಲ್ಲಿ ಅಲ್ಲಿನ ರಾಜಧಾನಿ ಮನಿಲಾ ಸುಟ್ಟು ಬೂದಿಯಾಯಿತು, ಜೊತೆಗೆ ಎಷ್ಟೋ ರೀಲುಗಳೂ. ಅವರ ಮೊದಲ ಕಥಾಚಿತ್ರ, 1919ರ ‘ದಲಗಾಂಗ್ ಬುಕಿದ್’, ಇಂದು ಎಲ್ಲೂ ಇಲ್ಲ. ಯುದ್ಧಕ್ಕೆ ಮುಂಚಿನವುಗಳಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು. ‘ಜಾಂಬೊವಾಂಗ’ವೂ ಹೋಯಿತೆಂದೇ ಎಲ್ಲರೂ ನಂಬಿದ್ದರು. ಕೊನೆಗೆ ಒಂದು ಪ್ರತಿ ಸಿಕ್ಕಿದ್ದು ದೂರದ ಫಿನ್ಲೆಂಡಿನಲ್ಲಿ.

ನನ್ನ ತಂದೆ ಟೂರಿಂಗ್ ಟಾಕೀಸಿನಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದರು. ಆಗಿನದು ನೈಟ್ರೇಟ್ ರೀಲು, ಬೇಗ ಬೆಂಕಿ ಹಿಡಿಯುವಂಥದ್ದು. ಹೊತ್ತಿಕೊಂಡರೆ ನೀರಿಗೂ ಆರುವುದಿಲ್ಲ. ಪಕ್ಕದಲ್ಲಿ ಯಾವಾಗಲೂ ಮರಳಿನ ಬಕೆಟ್ ಇರುತ್ತಿತ್ತು. ತಂದೆಯ ಬಲಗೈಯಲ್ಲಿ ಸುಟ್ಟ ಗಾಯದ ಕಲೆಯಿತ್ತು. ಸುಡದೆ ಉಳಿದ ರೀಲೂ ನಮ್ಮ ಸೆಖೆಗೆ ಅಂಟಂಟಾಗಿ, ಕೊನೆಗೆ ಪುಡಿಯಾಗುತ್ತದೆ. ಹಾಗಾಗಿ ಒಂದು ಚಳಿ ದೇಶದಲ್ಲಿ ಆ ಡಬ್ಬಿಗಳು ಉಳಿದವು ಎಂದು ಓದಿದಾಗ ನನಗೆ ಕಣ್ಣೀರೇ ಬಂತು.

ನಮ್ಮ ಕನ್ನಡದ ಮೊದಲ ಟಾಕಿ (ಮಾತಿನ ಚಿತ್ರ) ‘ಸತಿ ಸುಲೋಚನ’, 1934ರದು, ಅದರ ಪ್ರತಿಯೂ ನಮ್ಮಲ್ಲಿಲ್ಲ. ಅದು ತಯಾರಾದದ್ದು ಕೊಲ್ಹಾಪುರದಲ್ಲಿ. ಅಲ್ಲಿನ ಹಳೇ ಮನೆಗಳ ಅಟ್ಟ, ಗೋದಾಮುಗಳಲ್ಲಿ ತುಕ್ಕು ಹಿಡಿದ ಡಬ್ಬಿ ಕಂಡವರು ದಯವಿಟ್ಟು ಗುಜರಿಗೆ ಹಾಕಬೇಡಿ ಎಂದು ನಿಮ್ಮ ಪತ್ರಿಕೆ ಕನ್ನಡದಲ್ಲೂ ಮರಾಠಿಯಲ್ಲೂ ಒಂದು ಪ್ರಕಟಣೆ ಹಾಕಲಿ. ಅದರ ಖರ್ಚು ನಾನು ಕೊಡುತ್ತೇನೆ.

– ನಿವೃತ್ತ ಪ್ರೊಜೆಕ್ಟರ್ ಆಪರೇಟರ್, ಶಿವಮೊಗ್ಗ