ಬೆಳಗಾವಿಗೆ ಹೊರಟ ಮಗಳಿಗೆ

ಕೂಸೇ,

ನಾಳೆ ಬೆಳಗಿನ ಬಸ್ಸಿಗೆ ನೀನು ಹೊರಡುತ್ತೀ. ರಾತ್ರಿ ಊಟಕ್ಕೆ ಕೂತಾಗ ಆದ ಮಾತುಗಳನ್ನು ಮತ್ತೆ ಬರೆಯುವುದಿಲ್ಲ. ನಿನಗೂ ನೆನಪಿದೆ, ಆಯಿಗೂ ನೆನಪಿದೆ. ದನಿ ಏರಿಸಿದ್ದಕ್ಕೆ ಬೇಸರವಿದೆ. ಆದರೆ ಡ್ರಾಯಿಂಗ್ ಆಫೀಸಿನ ಕೆಲಸ ಬಿಟ್ಟು ಎರಕ ಹೊಯ್ಯುವ ಫೌಂಡ್ರಿಯ ಕುಲುಮೆಯ ಬದಿಯನ್ನೇ ಕೇಳಿ ಪಡೆದೆಯಲ್ಲ, ಅದರ ಭಯ ಇನ್ನೂ ಇಳಿದಿಲ್ಲ.

ನನಗೆ ಬೆಂಕಿಗಿಂತ ನೀರಿನ ಭಯ. ನೀನು ಎಂಟನೇ ಕ್ಲಾಸಿನಲ್ಲಿದ್ದ ಆ ಪುನರ್ವಸು ಮಳೆ. ಶಿರಸಿಯಲ್ಲಿ ಗೋಡೆಗಳೂ ಬೆವರುವ ಕಾಲ. ಕರಗಿದ ಲೋಹದ ಕೊಳೆ, ಅಂದರೆ ಕಿಟ್ಟ, ತೆಗೆಯುವ ಸೌಟು ನಮ್ಮ ಎರಕದ ಶೆಡ್ಡಿನ ಗೋಡೆಗೆ ಒರಗಿತ್ತು. ಕೆಲಸದ ಹುಡುಗ ಅದನ್ನು ಹಾಗೇ ಎತ್ತಿ ಲೋಹ ಕರಗಿಸುವ ಮೂಸೆಗೆ ಅದ್ದಿದ. ಅದರ ಮೇಲೆ ಒಂದು ಹನಿಯೂ ಕಣ್ಣಿಗೆ ಕಾಣುತ್ತಿರಲಿಲ್ಲ. ಕರಗಿದ ಲೋಹ ಮಾಡಿನ ತಗಡಿಗೆ ಹೋಗಿ ಬಡಿಯಿತು. ಅವನ ತೋಳು ಸುಟ್ಟದ್ದು, ಆಸ್ಪತ್ರೆಗೆ ಓಡಿದ್ದು ನಿನಗೆ ಗೊತ್ತು. ಗೊತ್ತಿಲ್ಲದ್ದು ಇದು: ಬುತ್ತಿ ಹಿಡಿದು ಬಾಗಿಲಲ್ಲಿ ನಿಂತಿದ್ದ ನಿನ್ನ ಚಪ್ಪಲಿಯ ಮುಂದೆಯೇ ಒಂದು ಚೂರು ಬಿದ್ದು ಗಟ್ಟಿಯಾಗಿತ್ತು. ಅದನ್ನು ಹೆಕ್ಕಿ ಕಿಸೆಗೆ ಹಾಕಿಕೊಂಡೆ. ಆಯಿಗೂ ಹೇಳಲಿಲ್ಲ. ಒಂದು ಗೇಣು ಆಚೆ ಬಿದ್ದಿದ್ದರೆ ಎಂಬ ಲೆಕ್ಕ ಇವತ್ತಿಗೂ ಮುಗಿದಿಲ್ಲ. ಮಳೆಗಾಲದಲ್ಲಿ ಎರಕ ಹೊಯ್ಯುವಾಗ ಮೊದಲು ಬಾಗಿಲ ಕಡೆ ನೋಡುತ್ತೇನೆ, ಅಲ್ಲಿ ಯಾರೂ ಇಲ್ಲದಿದ್ದರೂ.

ನೀರು ಆವಿಯಾದರೆ ಸಾವಿರದ ಆರುನೂರು ಪಟ್ಟಿನಷ್ಟು ಹಿಗ್ಗುತ್ತದೆ. ಲೋಹದ ಅಡಿಯಲ್ಲಿ ಅದಕ್ಕೆ ಜಾಗ ಎಲ್ಲಿ? ಸೌಟು, ಇಕ್ಕಳ, ಕರಗಿಸಲು ಹಾಕುವ ಲೋಹದ ಗಟ್ಟಿ (ಇಂಗಾಟು), ಯಾವುದನ್ನೂ ಕಾಯಿಸದೆ ಅದ್ದಬೇಡ. ಡೈಗೆ, ಅಂದರೆ ಲೋಹ ಹೊಯ್ಯುವ ಆ ತಿರುಗುವ ಅಚ್ಚಿಗೆ, ಬಳಿದ ಲೇಪ ಪೂರಾ ಒಣಗಲಿ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಹೊಯ್ಯುವುದು 700ರ ಮೇಲೆ, ಆದರೂ ಹಗಲು ಬೆಳಕಲ್ಲಿ ಕಬ್ಬಿಣದಂತೆ ಕೆಂಪಗೆ ಕಾಣುವುದಿಲ್ಲ, ಬೆಳ್ಳಗೆ ತಣ್ಣಗಿದ್ದಂತೆ ಇರುತ್ತದೆ. ಬಣ್ಣ ನೋಡಿ ಕೈಯಿಡಬೇಡ.

ಸಿಡಿಯದ ತೇವವೂ ಬಿಡುವುದಿಲ್ಲ. ಅದರ ಹೈಡ್ರೋಜನ್ ಕರಗಿದ ಲೋಹದಲ್ಲಿ ಸೇರಿ, ಗಟ್ಟಿಯಾಗುವಾಗ ಸೂಜಿತೂತಾಗಿ ಹೊರಬೀಳುತ್ತದೆ. ಡೈ ಎಷ್ಟು ಜೋರು ತಿರುಗಿದರೂ ಅದಕ್ಕೆ ಮದ್ದಲ್ಲ. ಮೊದಲೇ ಆರ್ಗಾನ್ ಹಾಯಿಸಿ ಅನಿಲ ತೆಗೆಯಬೇಕು. ಬೀಡುಕಬ್ಬಿಣದ ಕಿಟ್ಟ ಹಗುರ, ಡೈ ತಿರುಗಿಸಿದರೆ ಭಾರದ ಲೋಹ ಹೊರಕ್ಕೆ ಒತ್ತಿ ಕಿಟ್ಟ ಒಳಮೈಗೆ ಬರುತ್ತದೆ, ಲೇತಿನಲ್ಲಿ ಕೊರೆದು ತೆಗೆಯಬಹುದು. ಅಲ್ಯೂಮಿನಿಯಂನ ಕಿಟ್ಟವಾದ ಆಕ್ಸೈಡು ಲೋಹಕ್ಕಿಂತ ಭಾರ, ಹಾಗೆ ಒಳಮೈಗೆ ಬರುವುದಿಲ್ಲ. ತಿರುಗುವ ಡೈ ಎಲ್ಲವನ್ನೂ ಶುದ್ಧ ಮಾಡುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡ. ಹೊಯ್ಯುವ ಮೊದಲೇ ಕಿಟ್ಟ ತೆಗೆ, ಮೆಲ್ಲಗೆ ಹೊಯ್ಯಿ.

ನೋಡು, ಪಾಠವೇ ಆಯಿತು. ನಿನಗೆ ಪಾಠ ಹೇಳುವವನು ನಾನಲ್ಲ. ನಾವು ಮೋಟರಿನ ಸದ್ದು ಕೇಳಿ ಡೈಯ ವೇಗ ಇಡುತ್ತಿದ್ದವರು. ಗುರುತ್ವದ 75 ಪಟ್ಟು ಬಲ ಬೇಕಾದರೆ 200 ಮಿ.ಮೀ. ಡೈಗೆ ನಿಮಿಷಕ್ಕೆ 820 ಸುತ್ತು, 100 ಮಿ.ಮೀ. ಡೈಗೆ 1,160 ಎಂದು ನೀನು ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. ವ್ಯಾಸ ಅರ್ಧವಾದರೂ ವೇಗ ದುಪ್ಪಟ್ಟು ಬೇಡವೆಂದು ಅವತ್ತೇ ನನಗೆ ತಿಳಿದದ್ದು. ಬಂದ ಗಿರಾಕಿಗಳಿಗೆಲ್ಲ ಆ ಗೋಡೆ ತೋರಿಸಿದ್ದೇನೆ. ನಿನ್ನೆದುರು ಹೇಳಿರಲಿಲ್ಲ.

ಮೊದಲ ಸಂಬಳದಲ್ಲಿ ನಮಗೇನೂ ತರಬೇಡ. ಲೇಸು ಇಲ್ಲದ ಚರ್ಮದ ಬೂಟು ಕೊಳ್ಳು, ಕಿಡಿ ಒಳಗೆ ಬಿದ್ದರೆ ಒದರಿ ತೆಗೆಯಲು ಬರಬೇಕು. ಪ್ಯಾಂಟಿನ ಅಂಚು ಬೂಟಿನ ಮೇಲಿರಲಿ. ನೈಲಾನ್ ಬಟ್ಟೆ ಬೇಡವೇ ಬೇಡ. ಅಲ್ಲಿ ಡೈಯನ್ನು ಎಷ್ಟು ಡಿಗ್ರಿಗೆ ಕಾಯಿಸುತ್ತಾರೆ, ಲೇಪ ಯಾವುದು, ಕೇಳಿ ಬರೆ. ನಮ್ಮ ದೊಡ್ಡ ರಿಂಗಿನ ಹೊರಮೈ ಇನ್ನೂ ಸರಿಬರುತ್ತಿಲ್ಲ.

ನಿನ್ನ ಅಪ್ಪ