ಕೆರೆಯಿಂದ ಹಳ್ಳಕ್ಕೆ, ಹಳ್ಳದಿಂದ ಹೇಮಾವತಿಗೆ

ಪ್ರಿಯ ಗೆಳೆಯ,

ಸಕಲೇಶಪುರದಲ್ಲಿ ಮಳೆ ಹಿಡಿದಿದೆ. ಹೊಸ ನೀರಿಗೆ ಎದುರಾಗಿ ಹತ್ತುಮೀನು ಗದ್ದೆಗೆ ಏರಿ ಬರುವ ಹೊತ್ತು. ನೀನಿದ್ದಿದ್ದರೆ ಲಾಟೀನು ನಿನ್ನ ಕೈಯಲ್ಲಿ, ಕತ್ತಿ ನನ್ನ ಕೈಯಲ್ಲಿ. ಮಾವನ ಪಂಚೆಯ ವಿಷಯ ಇಲ್ಲಿ ಬೇಡ, ಎಲ್ಲರೂ ಓದುತ್ತಾರೆ.

ಹೊರಗಿನಿಂದ ಬಂದು ಇಲ್ಲಿನ ಜೀವಗಳನ್ನು ಹತ್ತಿಕ್ಕುವ ಗಿಡ, ಮೀನು, ಕೀಟಗಳನ್ನು ತಡೆಯಲು ದೇಶಕ್ಕೆಲ್ಲ ಒಂದೇ ನೀತಿ ಬೇಕು ಎಂದು ಕಳೆದ ತಿಂಗಳು ಫೋನಿನಲ್ಲಿ ನಾನು ಹೇಳಿದಾಗ ನೀನು ಕೇಳಿದ್ದೆ: "ನಿನ್ನ ತೋಟದ ಕಳೆ ಕೀಳುವುದಕ್ಕೆ ದೆಹಲಿಯ ನೀತಿ ಏಕೆ ಬೇಕು?" ಆಗ ಉತ್ತರ ಹೊಳೆಯಲಿಲ್ಲ. ಈಗ ಹೇಳುತ್ತೇನೆ.

ಕಾಂಗ್ರೆಸ್ ಗಿಡವನ್ನೇ ನೋಡು. 1955ರಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದದ್ದು ಇಂದು ಹಾಸನದ ಪ್ರತಿ ರಸ್ತೆಯ ಬದಿಯಲ್ಲಿದೆ. ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುತ್ತದೆ. ರಸ್ತೆಯಂಚು ಒಂದು ಇಲಾಖೆಯದು, ಹೊಲ ಇನ್ನೊಂದರದು, ಕಾಡು ಮತ್ತೊಂದರದು. ನಾನು ಬೇರುಸಹಿತ ಕಿತ್ತ ಜಾಗಕ್ಕೆ ರಸ್ತೆಯ ಬೀಜ ಮತ್ತೆ ಬಂದು ಬೀಳುತ್ತದೆ. ಭದ್ರಾ ಅಭಯಾರಣ್ಯದ ಲಾಂಟಾನ ಪೊದೆಯ ಕಥೆಯೂ ಇಷ್ಟೇ.

ಆದರೆ ನನ್ನ ನಿದ್ದೆ ಕೆಡಿಸಿರುವುದು ಗಿಡವಲ್ಲ, ಮೀನು.

ಹೋದ ವಾರ ಊರಿನ ಹುಡುಗರು ನಮ್ಮ ಹಳ್ಳದಲ್ಲಿ ದೊಡ್ಡ ಮೀನೊಂದನ್ನು ಹಿಡಿದು ತಂದು ತೋರಿಸಿದರು. ಉದ್ದ ಮೀಸೆ, ಚಪ್ಪಟೆ ತಲೆ, ಜಾರುವ ಕಪ್ಪು ಮೈ. ಆಫ್ರಿಕನ್ ಕ್ಯಾಟ್‌ಫಿಶ್. ಹುಡುಗರ ಮುಖದಲ್ಲಿ ಹಬ್ಬ. "ಭಾರಿ ಮೀನು" ಎಂದು ಬೆನ್ನು ತಟ್ಟಿ ಕಳುಹಿಸಿದೆ. ಒಳಗೆ ಬಂದು ಕುಳಿತವನಿಗೆ ಊಟ ಸೇರಲಿಲ್ಲ.

ಅದು ನನ್ನ ಕೆರೆಯ ಮೀನು. ಇದನ್ನು ಯಾರಿಗೂ ಹೇಳಿಲ್ಲ. ಮರಿಗಳನ್ನು ಮಾರಿದವನು "ಹೈಬ್ರಿಡ್" ಎಂದಿದ್ದ. ಈ ಮೀನಿನ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ ಎಂದು ನಾನು ಓದಿದ್ದೆ, ನೋಡಿದಾಗ ಅನುಮಾನವೂ ಬಂದಿತ್ತು. ಬೇಗ ಬೆಳೆಯುತ್ತದೆ ಎಂಬ ಆಸೆಗೆ ಬಾಯಿ ಮುಚ್ಚಿಕೊಂಡೆ. 2019ರ ಆಗಸ್ಟ್ ಮಳೆಗೆ ಕೆರೆಯ ಏರಿ ಒಡೆದು ಮೀನು ಹಳ್ಳ ಸೇರಿತು. ಗಾಳಿಯನ್ನೇ ಉಸಿರಾಡಬಲ್ಲ, ಒದ್ದೆ ನೆಲದ ಮೇಲೆ ತೆವಳಬಲ್ಲ, ಸಿಕ್ಕಿದ್ದನ್ನೆಲ್ಲ ನುಂಗುವ ಮೀನು ಅದು. ನಾವು ಲಾಟೀನು ಹಿಡಿದು ಕಾಯುತ್ತಿದ್ದ ಅದೇ ತಿರುವಿನಲ್ಲಿ ಈಗ ಅದು ಕಾಯುತ್ತಿದೆ.

ಹಳ್ಳ ಹೇಮಾವತಿಗೆ, ಹೇಮಾವತಿ ಗೊರೂರು ದಾಟಿ ಕಾವೇರಿಗೆ, ಕಾವೇರಿ ತಮಿಳುನಾಡಿಗೆ. ನನ್ನ ಒಂದು ಏರಿ ಎರಡು ರಾಜ್ಯಗಳ ನೀರನ್ನು ಮುಟ್ಟುತ್ತದೆ. ಸಂವಿಧಾನದಲ್ಲಿ ಮೀನುಗಾರಿಕೆ ರಾಜ್ಯಪಟ್ಟಿಯಲ್ಲಿದೆ, ಅರಣ್ಯ ಮತ್ತು ವನ್ಯಜೀವಿ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿವೆ, ಹೊರದೇಶದ ಸಸಿಗಳ ತಪಾಸಣೆ ಕೇಂದ್ರ ಕೃಷಿ ಸಚಿವಾಲಯದ್ದು. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ ಆಕ್ರಮಣಕಾರಿ ಪರಕೀಯ ಪ್ರಭೇದಗಳ ಆಮದು, ಮಾರಾಟ, ಹರಡುವಿಕೆಯನ್ನು ತಡೆಯುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಒಳ್ಳೆಯದೇ. ಆದರೆ ಹಳ್ಳದಲ್ಲಿ ಮೀನು ಕಂಡ ಹುಡುಗ ಯಾರಿಗೆ ಹೇಳಬೇಕು? ಸುದ್ದಿ ಕೇಳಿದ ಇಲಾಖೆ ಉಳಿದ ಇಲಾಖೆಗಳಿಗೆ ಎಷ್ಟು ದಿನದಲ್ಲಿ ತಿಳಿಸಬೇಕು? ನನಗೆ ಬೇಕಿರುವ ನೀತಿ ಇಲ್ಲಿಂದ ಶುರುವಾಗಬೇಕು.

ಒಟ್ಟಾದರೆ ಆಗುತ್ತದೆ, ನೋಡು. 2008ರಲ್ಲಿ ಕೊಯಮತ್ತೂರಿನಲ್ಲಿ ಪಪ್ಪಾಯಿಯ ಬಿಳಿ ಹಿಟ್ಟುತಿಗಣೆ ಎಂಬ ಕೀಟ ಕಾಣಿಸಿಕೊಂಡಿತು. ಎರಡೇ ವರ್ಷದಲ್ಲಿ ಅದರ ಶತ್ರುವಾದ ಪುಟ್ಟ ಕಣಜವನ್ನು ಪೋರ್ಟೊರಿಕೊದಿಂದ ತರಿಸಿ, ಬೆಂಗಳೂರಿನ ಪ್ರಯೋಗಾಲಯದಲ್ಲಿ ಬೆಳೆಸಿ, ರಾಜ್ಯ ರಾಜ್ಯಗಳಿಗೆ ಹಂಚಿದರು. ಹಿಟ್ಟುತಿಗಣೆ ಹತೋಟಿಗೆ ಬಂತು. ಮೀನಿಗೆ ಅಂಥ ಕಣಜವಿಲ್ಲ. ನೀರಿಗೆ ಬಿಡದಿರುವುದೊಂದೇ ದಾರಿಯಾಗಿತ್ತು, ಆ ದಾರಿಯನ್ನು ನಾನು ತಪ್ಪಿದೆ.

ಇಷ್ಟೆಲ್ಲ ಬರೆಯಬೇಕೆಂದು ಕುಳಿತಿರಲಿಲ್ಲ. ಸಾಕು ಬಿಡು. ನಾಳೆ ಆ ಹುಡುಗರ ಮನೆಗೆ ಹೋಗಿ ಹೇಳಿ ಬರುತ್ತೇನೆ. ಮನೆಯಲ್ಲಿ ಕಳಲೆ ನೆನೆಹಾಕಿದ್ದಾರೆ, ಭಾನುವಾರದೊಳಗೆ ಬಂದರೆ ನಿನಗೂ ಪಾಲಿದೆ. ಛತ್ರಿ ತರಬೇಡ. ಹಳೆಯದು ಇನ್ನೂ ಇಲ್ಲೇ ಇದೆ, ಏಕೆಂದು ನಿನಗೆ ಗೊತ್ತು.

ನಿನ್ನ ಗೆಳೆಯ