ಈ ಮಳೆಗಾಲ ದಾಟಿಸಿದವರಿಗೆ

ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ನಮ್ಮ ಚಿತ್ರಕಲೆಯ ಗ್ಯಾಲರಿ ಶುರುವಾಗಿ ಈ ತಿಂಗಳಿಗೆ ಐದು ವರ್ಷ ತುಂಬಿತು. ಇದೇ ಐದನೇ ವರ್ಷದ ಮಳೆಗಾಲದಲ್ಲಿ ಬಾಗಿಲು ಹಾಕುವ ಸ್ಥಿತಿಯೂ ಬಂದಿತ್ತು. ಹಾಕಲಿಲ್ಲ. ಯಾರಿಂದ ಹಾಕದೇ ಉಳಿಯಿತು ಅಂತ ಬರೆದಿಡಬೇಕು ಅನಿಸಿತು. ಮೈಕ್ ಹಿಡಿದು "ಎಲ್ಲರಿಗೂ ಧನ್ಯವಾದ" ಅಂದರೆ ಅದು ಯಾರಿಗೂ ತಲುಪುವುದಿಲ್ಲ, ಅಲ್ವಾ? ಹೆಸರು ಹಾಕಬೇಡಿ ಅಂತ ಸುಮಾರು ಜನ ಹೇಳಿದ್ದಾರೆ, ಅದಕ್ಕೇ ಯಾರ ಹೆಸರೂ ಇಲ್ಲ. ಓದಿದರೆ ಅವರವರಿಗೆ ಗೊತ್ತಾಗುತ್ತದೆ.

ಜುಲೈನಲ್ಲಿ ಆದದ್ದು ಸುಮಾರು ಜನರಿಗೆ ಗೊತ್ತಿದೆ. ನಮ್ಮದು ಹಳೇ ಹೆಂಚಿನ ಮನೆ. ಗಾಳಿಗೆ ಮರದ ಕೊಂಬೆ ಮುರಿದು ಮಾಡಿನ ಮೇಲೆ ಬಿತ್ತು. ಹೆಂಚು ಹೊರುವ ಪಕಾಸಿ ಮುರಿಯಿತು, ಹೆಂಚು ಜಾರಿತು, ಇಡೀ ರಾತ್ರಿ ನೀರು ಒಳಗೆ ಸುರಿಯಿತು. ಆಗ ಗೋಡೆ ಮೇಲಿದ್ದದ್ದು ಪೂರ್ತಿ ಕಾಗದದ ಕೆಲಸ, ಜಲವರ್ಣ ಮತ್ತು ಎಚ್ಚಿಂಗ್ (ಲೋಹದ ತಗಡಿನಿಂದ ಅಚ್ಚು ತೆಗೆದ ಚಿತ್ರ). ಬೆಳಿಗ್ಗೆ ನೋಡಿದರೆ ಗಾಜಿನ ಒಳಮೈಯಲ್ಲಿ ಹನಿ ಸಾಲಾಗಿ ಕೂತಿತ್ತು, ಚಿತ್ರದ ಸುತ್ತ ಹಾಕುವ ದಪ್ಪ ಮೌಂಟ್ ಬೋರ್ಡ್ ಉಬ್ಬಿತ್ತು, ಒಂದು ಚಿತ್ರದ ನೀಲಿ ಬಣ್ಣ ಅಂಚಿನಿಂದ ಕೆಳಗೆ ಇಳಿದು ಬಿಳಿ ಬೋರ್ಡಿಗೆ ಹತ್ತಿತ್ತು.

ಮೊದಲ ಥ್ಯಾಂಕ್ಸ್ ನಮ್ಮ ಬೀದಿಯವರಿಗೆ. ಎದುರು ಮನೆ ಅಕ್ಕ, ಹೊಲಿಗೆ ಅಂಗಡಿಯ ಅಣ್ಣ, ಶಾಲೆಗೆ ಹೊರಟಿದ್ದ ಹುಡುಗರು ಕೂಡ ಚೀಲ ಕಟ್ಟೆ ಮೇಲಿಟ್ಟು ಬಂದರು. ಯಾರೂ ಕರೆದಿರಲಿಲ್ಲ. ಫ್ರೇಮನ್ನು ನಿಲ್ಲಿಸಿ ಹಿಡಿಯಬೇಡಿ, ಮಲಗಿಸಿ ಹಿಡಿಯಿರಿ ಅಂತ ಒಂದು ಸಲ ಹೇಳಿದ್ದಷ್ಟೇ. ಊಟದ ತಟ್ಟೆ ತುಂಬ ಸಾರು ಹೊತ್ತು ನಡೆಯುವ ಹಾಗೆ ಒಬ್ಬೊಬ್ಬರೂ ಒಂದೊಂದು ಫ್ರೇಮ್ ಹಿಡಿದು ನಡೆದರು. ಒಂದು ಗಾಜೂ ಒಡೆಯಲಿಲ್ಲ.

ಮೈಸೂರಿನಲ್ಲಿ ಹಳೇ ಕಾಗದ ಉಳಿಸುವ ಕೆಲಸ ಮಾಡುವವರೊಬ್ಬರು ಇದ್ದಾರೆ. ಅವರ ಪರಿಚಯ ನಮಗೆ ಹೆಚ್ಚೇನೂ ಇರಲಿಲ್ಲ. ಆದರೂ ಆ ದಿನ ಮಧ್ಯಾಹ್ನದವರೆಗೆ ವಿಡಿಯೋ ಕಾಲ್‌ನಲ್ಲೇ ಕೂತರು. ಬಿಸಿಲಿಗೆ ಇಡಬೇಡಿ, ಹೇರ್ ಡ್ರೈಯರ್ ಹತ್ತಿರವೂ ತರಬೇಡಿ, ಬೇಗ ಒಣಗಿದ ಕಾಗದ ಸೊಟ್ಟಾಗುತ್ತದೆ ಅಂದರು. ಎಚ್ಚಿಂಗ್ ಬಗ್ಗೆ ಅಷ್ಟು ಹೆದರಬೇಡಿ, ಆ ಮಸಿ ಎಣ್ಣೆಯದ್ದು, ನೀರಿಗೆ ಸುಲಭಕ್ಕೆ ಹರಿಯುವುದಿಲ್ಲ. ಜಲವರ್ಣದ ಬಣ್ಣದ ಮೈಯನ್ನು ಮಾತ್ರ ಯಾರೂ ಮುಟ್ಟಬೇಡಿ. ಮೊದಲು ಗಾಜು ತೆಗೆಯಿರಿ, ಗಾಜಿಗೆ ಅಂಟಿದ್ದರೆ ಎಳೆಯಬೇಡಿ, ಕೆಳಗೆ ಬ್ಲಾಟಿಂಗ್ ಪೇಪರ್ ಹಾಕಿ, ಒದ್ದೆಯಾದ ಹಾಗೆ ಬದಲಾಯಿಸುತ್ತಾ ಇರಿ, ಫ್ಯಾನ್ ಗಾಳಿ ಕಾಗದಕ್ಕೆ ನೇರ ಬಡಿಯದೆ ಕೋಣೆಯಲ್ಲಿ ಸುತ್ತಾಡಲಿ. ಇದನ್ನೆಲ್ಲಾ ಒಂದೊಂದೇ, ನಮ್ಮ ಕೈ ನಡುಗುತ್ತಿದ್ದದ್ದು ಗೊತ್ತಾಗಿ ನಡುನಡುವೆ ನಿಲ್ಲಿಸಿ, ಹೇಳಿಕೊಟ್ಟರು. ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಬ್ಲಾಟಿಂಗ್ ಪೇಪರ್ ಊರಿನಲ್ಲಿ ಸಾಕಷ್ಟು ಸಿಗಲಿಲ್ಲ. ಶಿವಮೊಗ್ಗದ ಡ್ರಾಯಿಂಗ್ ಮೇಷ್ಟ್ರೊಬ್ಬರು ಎರಡು ಕಟ್ಟು ಬಸ್ಸಿನ ಡ್ರೈವರ್ ಕೈಲಿ ಕಳಿಸಿದರು. ಆ ಡ್ರೈವರಣ್ಣ ಕಟ್ಟನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ತನ್ನ ಸೀಟಿನ ಹಿಂದೆ ಇಟ್ಟುಕೊಂಡು ತಂದಿದ್ದರು. ಅವರಿಗೂ ದೊಡ್ಡ ಥ್ಯಾಂಕ್ಸ್.

ಒಣಗಿದ ಮೇಲೆ ಎಲ್ಲಿಡೋದು? ಮಲೆನಾಡಿನ ಜುಲೈ. ಗಾಳಿಯಲ್ಲಿ ತೇವ 70 ಪರ್ಸೆಂಟ್ ದಾಟಿ ಹಾಗೇ ಕೂತರೆ ಕಾಗದಕ್ಕೆ ಬೂಸ್ಟು ಹಿಡಿಯುತ್ತದೆ, ಇಲ್ಲಿ ಮಳೆಗಾಲ ಪೂರ್ತಿ ಅದಕ್ಕಿಂತ ಜಾಸ್ತಿಯೇ. ಅಡಿಕೆ ಮಂಡಿಯವರು ತಾವಾಗಿ ಬಂದು ಗೋದಾಮಿನಲ್ಲಿ ಒಂದು ಕೋಣೆ ಬಿಟ್ಟುಕೊಟ್ಟರು. ಅಡಿಕೆಗೂ ಬೂಸ್ಟು ಬಂದರೆ ರೇಟೇ ಬಿದ್ದುಹೋಗುತ್ತದೆ, ಹಾಗಾಗಿ ತೇವದ ವಿಷಯದಲ್ಲಿ ಅವರಿಗೆ ಇರುವಷ್ಟು ಅನುಭವ ಈ ಊರಿನಲ್ಲಿ ಬೇರೆ ಯಾರಿಗೂ ಇಲ್ಲ. ಅಲ್ಲಿ ಚೀಲವನ್ನು ನೆಲಕ್ಕೆ ಇಡುವುದಿಲ್ಲ, ಕೆಳಗೆ ಮರದ ಹಲಗೆ ಇರುತ್ತದೆ. ಮಂಡಿಯ ಹಿರಿಯರು ನಾವು ಫ್ರೇಮ್‌ಗಳನ್ನು ಗೋಡೆಗೆ ಒರಗಿಸುವುದನ್ನು ನೋಡಿ, "ಮಾರಾಯ್ತಿ, ಗೋಡೆಗೆ ತಾಗಿಸಿ ನಾವು ಚೀಲವನ್ನೇ ಇಡೂದಿಲ್ಲ, ನೀನು ಚಿತ್ರ ಇಡ್ತೀಯಲ್ಲ" ಅಂದರು. ಒಂದು ಕೈ ಜಾಗ ಬಿಡಿಸಿದರು. ಈಗ ನಮ್ಮ ಗ್ಯಾಲರಿಯ ಪ್ರತಿ ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಚಿಕ್ಕ ಮರದ ತುಂಡು ಅಂಟಿಸಿದ್ದೇವೆ, ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡಲಿ ಅಂತ. ಆ ತುಂಡುಗಳನ್ನು ಕೊಯ್ದುಕೊಟ್ಟವರು ಗುಡಿಗಾರ ಮನೆತನದ ಒಬ್ಬ ಕುಶಲಕರ್ಮಿ. ಗಂಧದ ಮರದಲ್ಲಿ ಎಲೆಯ ನರ ಬಿಡಿಸುವ ಕೈ ಅದು, ನಮಗಾಗಿ ಚೂರು ಚೂರು ಮರ ಉಜ್ಜುತ್ತಾ ಕೂತಿತ್ತು.

ಮೂರು ಜಲವರ್ಣ ಉಳಿಯಲಿಲ್ಲ. ಅವನ್ನು ಬರೆದ ಕಲಾವಿದೆಗೆ ಫೋನ್ ಮಾಡುವುದು ಇಡೀ ಐದು ವರ್ಷದಲ್ಲಿ ಅತಿ ಕಷ್ಟದ ಕೆಲಸ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಉಳಿದದ್ದೆಲ್ಲ ಸರಿಯಾಗಿ ಒಣಗುತ್ತಿದೆಯಾ ಅಂತ ಕೇಳಿದರು. ಮುಂದಿನ ವಾರ ಬೆಂಗಳೂರಿನಿಂದ ತಾಳಗುಪ್ಪದ ರೈಲು ಹತ್ತಿ ಬಂದು ನಮ್ಮ ಜೊತೆ ಬ್ಲಾಟಿಂಗ್ ಪೇಪರ್ ಬದಲಾಯಿಸುತ್ತಾ ಕೂತರು. ಪರಿಹಾರದ ಮಾತು ನಾವೇ ಎತ್ತಿದ್ದು. ಕಂತಿನಲ್ಲಿ ಕೊಡುತ್ತಿದ್ದೇವೆ. ಅವರು ಬೇಡ ಅಂದರೂ ಕೊಡುತ್ತೇವೆ, ಅದು ಅವರ ದುಡಿಮೆ.

ಇಂಥ ಊರಿನಲ್ಲಿ ಸಮಕಾಲೀನ ಕಲೆ ಯಾರು ನೋಡ್ತಾರೆ ಅಂತ ಶುರುವಿನಲ್ಲಿ ತುಂಬಾ ಜನ ಕೇಳಿದ್ದರು. ನನಗೆ ಆ ಪ್ರಶ್ನೆಯೇ ಸರಿ ಕಾಣುವುದಿಲ್ಲ. ಸಾಗರ, ಸೊರಬದ ದೀವರ ಸಮುದಾಯದ ಮನೆಗಳಲ್ಲಿ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆ ಮೇಲೆ ಹಸೆ ಚಿತ್ತಾರ ಬರೆದುಕೊಂಡು ಬಂದಿದ್ದಾರೆ. ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಹುರಿದು ಕರಿ ಮಾಡಿದ ಅಕ್ಕಿ, ಬರೆಯೋಕೆ ಪುಂಡಿ ನಾರಿನ ಕುಂಚ. ಭೂಮಿ ಹುಣ್ಣಿಮೆ ಬಂತು ಅಂದರೆ ಬುಟ್ಟಿಗೂ ಚಿತ್ತಾರ. ಗೋಡೆ ಮುಂದೆ ನಿಂತು ಗೆರೆ ನೋಡುವುದನ್ನು ಇಂಥ ಊರಿಗೆ ಯಾರೂ ಬಂದು ಕಲಿಸಬೇಕಾಗಿಲ್ಲ. ಹೆಗ್ಗೋಡು ಇಲ್ಲೇ ಪಕ್ಕದಲ್ಲಿದೆ. ಅಲ್ಲಿ 1949ರಲ್ಲಿ ಶುರುವಾದ ನೀನಾಸಮ್ ರಂಗಸಂಸ್ಥೆಯ ನಾಟಕ, ಸಿನಿಮಾ, ಶಿಬಿರಗಳನ್ನು ನೋಡಿ ಬೆಳೆದ ಜನ ನಮ್ಮ ಗ್ಯಾಲರಿಗೂ ಬರುತ್ತಾರೆ. ಚಿತ್ರ ನೋಡಿ ಚೆನ್ನಾಗಿದೆ ಅಂತ ಹೊರಟುಬಿಡುವವರಲ್ಲ, ಕೂತು ಜಗಳ ಆಡುವವರು. ಈ ಅಭ್ಯಾಸ ಕಟ್ಟಿಕೊಟ್ಟದ್ದಕ್ಕೆ ನೀನಾಸಮ್ ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ ನಾವು ಋಣಿ.

ಹಸೆ ಬರೆಯುವ ಅಜ್ಜಿಯೊಬ್ಬರು ಮೊಮ್ಮಗಳ ಜೊತೆ ಒಮ್ಮೆ ಬಂದಿದ್ದರು. ಗೋಡೆ ಪೂರ್ತಿ ಒಂದೇ ಕ್ಯಾನ್ವಾಸ್, ಅದರ ತುಂಬಾ ಕಪ್ಪು ಗೆರೆ, ಬೇರೆ ಏನೂ ಇಲ್ಲ. ಹತ್ತಿರ ಹೋದರು, ಹಿಂದೆ ಬಂದರು, ಮತ್ತೆ ಹತ್ತಿರ ಹೋಗಿ ಬೆರಳನ್ನು ಗಾಳಿಯಲ್ಲೇ ಗೆರೆಯ ಜೊತೆ ಓಡಿಸಿದರು. "ತಂಗೀ, ಇಲ್ಲಿ ಕುಂಚ ಎತ್ತಿದ್ದಾರೆ. ಇಲ್ಲಿಂದ ಬೇರೆ ದಿನ ಬರೆದದ್ದು" ಅಂದರು. ಕಲಾವಿದರನ್ನು ಕೇಳಿದೆವು. ಹೌದು, ಅಲ್ಲಿಗೆ ನಿಲ್ಲಿಸಿ ಮಾರನೇ ದಿನ ಮುಂದುವರಿಸಿದ್ದೆ ಅಂದರು. ಅಜ್ಜಿ, ಆ ಸಂಜೆಗೆ ನಿಮಗೆ ಥ್ಯಾಂಕ್ಸ್. ಆಮೇಲೆ ನಿಮ್ಮ ಬುಟ್ಟಿಗಳನ್ನೂ ಅದೇ ಗೋಡೆಯ ಎದುರು ಇಟ್ಟು ತೋರಿಸಲು ಒಪ್ಪಿದಿರಲ್ಲ, ಅದಕ್ಕೂ.

ದುಡ್ಡಿನ ವಿಷಯವನ್ನೂ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ದೊಡ್ಡ ಊರಿನ ಗ್ಯಾಲರಿಗಳಲ್ಲಿ ಚಿತ್ರ ಮಾರಾಟವಾದರೆ 40, 50 ಪರ್ಸೆಂಟ್‌ವರೆಗೂ ಕಮಿಷನ್ ಇರುತ್ತದೆ. ಅವರ ಬಾಡಿಗೆ, ಸಂಬಳ ನೋಡಿದರೆ ಅದು ತಪ್ಪೂ ಅಲ್ಲ. ನಾವು 25 ತೆಗೆದುಕೊಳ್ಳುತ್ತೇವೆ. ಅದರಲ್ಲಿ ಬಾಡಿಗೆ, ಕರೆಂಟು, ಫ್ರೇಮು, ಸಾಗಾಟ. ಮನೆ ಮಾಲೀಕರು ಮಾಡು ರಿಪೇರಿ ಆಗುವ ತನಕ ಬಾಡಿಗೆ ಕೇಳಲಿಲ್ಲ, ರೀಪು ಪಕಾಸಿಯ ಮರವನ್ನೂ ತಾವೇ ಕೊಟ್ಟರು. ಅನುದಾನ ಕೇಳಿ ಹಾಕಿದ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ, ಇರಲಿ. ನಮ್ಮನ್ನು ನಿಜವಾಗಿ ನಡೆಸಿದವರು ಚಿಕ್ಕ ಚಿಕ್ಕ ಕೆಲಸ ಕೊಂಡವರು. "ಅಡಿಕೆ ಕೊಟ್ಟ ಮೇಲೆ ದುಡ್ಡು ಕೊಡ್ತೀನಿ, ಯಾರಿಗೂ ಮಾರಬೇಡಿ" ಅಂತ ಚಿತ್ರ ಹಿಡಿದಿಟ್ಟ ತೋಟದವರು ಇದ್ದಾರೆ, ಮತ್ತು ಎಲೆಚುಕ್ಕಿ ರೋಗ ಬಂದು ತೋಟವೇ ಸೊರಗಿದ ವರ್ಷವೂ ಅವರು ಆ ಮಾತು ಉಳಿಸಿಕೊಂಡರು. ಮೊದಲ ಸಂಬಳದಲ್ಲಿ ಒಂದು ಪುಟ್ಟ ಮರದಚ್ಚಿನ ಚಿತ್ರ ಕೊಂಡ ನರ್ಸ್ ತಂಗಿ ಇದ್ದಾಳೆ. ಅದನ್ನು ಬಾಡಿಗೆ ರೂಮಿನ ಗೋಡೆಗೆ ಹಾಕಿ ಫೋಟೋ ಕಳಿಸಿದ್ದಳು, ನಮ್ಮ ಆಫೀಸ್ ಮೇಜಿನ ಮೇಲೆ ಈಗಲೂ ಇದೆ.

ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು, ಕಲಬುರಗಿಯ ಎಸ್.ಎಂ. ಪಂಡಿತರು ಮುಂಬೈಗೆ ಹೋಗಿ ದೊಡ್ಡ ಚಿತ್ರಕಾರರಾದರು. ಆಗ ದಾರಿ ಇದ್ದದ್ದೇ ಅತ್ತ. ಗದಗದಲ್ಲಿ ಟಿ.ಪಿ. ಅಕ್ಕಿಯವರು ವಿಜಯ ಕಲಾ ಮಂದಿರ ಕಟ್ಟಿ, ಊರಿನಲ್ಲೇ ಇದ್ದು ಎಷ್ಟೋ ಜನರಿಗೆ ಚಿತ್ರ ಕಲಿಸಿದರು. ಅವರು ಮಾಡಿದ್ದರ ಮುಂದೆ ನಮ್ಮದು ತುಂಬಾ ಸಣ್ಣ ಕೆಲಸ. ಆದರೆ ಈ ಭಾಗದ ಹುಡುಗಿಯೊಬ್ಬಳು ಚಿತ್ರ ಬರೆದರೆ ಅದನ್ನು ಮೊದಲು ಅವಳ ಅಪ್ಪ ಅಮ್ಮ, ಅವಳ ಟೀಚರ್, ಬಸ್‌ಸ್ಟ್ಯಾಂಡಿನ ಹೂವಿನಮ್ಮ ನೋಡಬೇಕು ಅನ್ನೋದು ನಮ್ಮ ಆಸೆ. ಐದು ವರ್ಷ ಅದು ಆಗುತ್ತಾ ಬಂದಿದೆ. ಗೋಡೆಗೆ ಸುಣ್ಣ ಹೊಡೆದವರು, ಪಿವಿಸಿ ಪೈಪಿನಲ್ಲಿ ಸ್ಪಾಟ್‌ಲೈಟ್ ಸ್ಟ್ಯಾಂಡ್ ಮಾಡಿಕೊಟ್ಟ ಎಲೆಕ್ಟ್ರಿಷಿಯನ್ ಅಣ್ಣ, ಸುತ್ತಿದ ಕ್ಯಾನ್ವಾಸನ್ನು ನಮ್ಮೂರಿನ ಜಂಬಗಾರು ರೈಲ್ವೆ ಸ್ಟೇಷನ್ನಿನಿಂದ ಮಳೆಯಲ್ಲಿ ತಂದುಕೊಟ್ಟ ಆಟೋದವರು, ಮನೆಯಲ್ಲಿ ನನ್ನ ಪಾಲಿನ ಕೆಲಸವನ್ನೂ ಹೊತ್ತುಕೊಂಡ ಅಮ್ಮ ಮತ್ತು ಅತ್ತಿಗೆ, ನಿಮಗೆಲ್ಲ ಮನಸಾರೆ ನಮಸ್ಕಾರ.

ಮಾಡು ಈಗ ಗಟ್ಟಿಯಾಗಿದೆ. ಒಣಗಿ ಬದುಕಿದ ಆ ಎಚ್ಚಿಂಗ್ ಮತ್ತು ಜಲವರ್ಣಗಳನ್ನೇ ಮತ್ತೆ ಹಾಕುತ್ತಿದ್ದೇವೆ. ನೀರಿನ ಕಲೆ ಉಳಿದವನ್ನೂ ಹಾಗೇ ಹಾಕುತ್ತೇವೆ, ಅದು ಕಲಾವಿದೆಯದೇ ತೀರ್ಮಾನ. ದೀಪಾವಳಿ ಕಳೆದ ಮೊದಲ ಭಾನುವಾರ ಶುರು. ಕೆಲಸ ಮುಗಿಸಿ ಬರುವವರಿಗೆ ಅನುಕೂಲ ಆಗಲಿ ಅಂತ ರಾತ್ರಿ ಎಂಟರವರೆಗೆ ಬಾಗಿಲು ತೆಗೆದಿರುತ್ತದೆ, ಟಿಕೆಟ್ ಇಲ್ಲ, ಮಕ್ಕಳನ್ನು ಕರೆದುಕೊಂಡೇ ಬನ್ನಿ.